ಸಹಾಯ ಬೇಕು: ಕಿವಿಯ ಕೂದಲು ಕೋಶ, ನಾಯ್ಸ್ ಸಿಮ್ಯುಲೇಶನ್ ಗೊತ್ತಿರುವವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಎಂಎಸ್‌ಸಿ ಫಿಸಿಕ್ಸ್ ಓದುತ್ತಿದ್ದೇನೆ. ಪ್ರಾಜೆಕ್ಟ್ ಒಳಕಿವಿಯ ಕೂದಲು ಕೋಶಗಳ (ಸದ್ದಿನ ಅಲುಗಾಟವನ್ನು ನರದ ಸಂಕೇತವಾಗಿಸುವ ಕೋಶಗಳು) ಬಗ್ಗೆ, ಬರೀ ಥಿಯರಿ ಮತ್ತು ಪೈಥಾನ್.

ಕೋಶದ ತುದಿಯಲ್ಲಿರುವ ರೋಮಗುಚ್ಛದ ಬಿಗಿತ ನ್ಯಾನೋಮೀಟರಿಗೆ 1 ಪಿಕೋನ್ಯೂಟನ್ ಅಂತ ಇಟ್ಟುಕೊಂಡರೆ, ಸುಮ್ನೆ ಶಾಖದಿಂದಲೇ ಅದು ಸುಮಾರು 2 ನ್ಯಾನೋಮೀಟರ್ ನಡುಗುತ್ತದೆ. ನಮಗೆ ಕೇಳಿಸುವ ಅತಿ ಸಣ್ಣ ಸದ್ದು ಅದನ್ನು ಅಲುಗಿಸುವುದು ಇದಕ್ಕಿಂತ ಕಡಿಮೆ! ಕಿವಿಯೊಳಗೇ ಆಂಪ್ಲಿಫೈಯರ್ ಇರಬೇಕು ಅಂತ ಥಾಮಸ್ ಗೋಲ್ಡ್ 1948ರಲ್ಲೇ ಹೇಳಿದ್ದರು, 1978ರಲ್ಲಿ ಡೇವಿಡ್ ಕೆಂಪ್ ಕಿವಿಯಿಂದ ಹೊರಬರುವ ಸದ್ದನ್ನೇ ಮೈಕ್‌ನಲ್ಲಿ ಹಿಡಿದರು. ನನ್ನ ಮಾಡೆಲ್‌ನಲ್ಲಿ ಕೋಶ ತಾನಾಗಿಯೇ ಕಂಪಿಸಲು ಶುರುಮಾಡುವ ಅಂಚಿನಲ್ಲಿರುತ್ತದೆ, ಅಂದರೆ ಹಾಪ್ಫ್ ಬೈಫರ್ಕೇಶನ್. ಅಲ್ಲಿ ಬಲ 1000 ಪಟ್ಟು ಜಾಸ್ತಿಯಾದರೂ ಅಲುಗಾಟ 10 ಪಟ್ಟು ಮಾತ್ರ. ಚಂದ ಇದೆ ಅಲ್ವಾ.

ತೊಡಕು ನಾಯ್ಸ್‌ದು. ಅಂದರೆ ಕೇಳಿಸುವ ಗದ್ದಲವಲ್ಲ, ಗೊತ್ತುಗುರಿಯಿಲ್ಲದ ಏರುಪೇರು. ಶಾಖದ್ದು ಹಾಕಿದ್ದೇನೆ. ಅಯಾನ್ ಚಾನೆಲ್‌ಗಳು (ಕೋಶದ ಪೊರೆಯಲ್ಲಿ ವಿದ್ಯುದಾವೇಶದ ಕಣಗಳು ಹಾದುಹೋಗುವ ಬಾಗಿಲುಗಳು) ತೆರೆದು ಮುಚ್ಚುವುದನ್ನು ಬೇರೆಯಾಗಿ ಹಾಕಬೇಕಾ? ನಮ್ಮ ಗೈಡ್ ಕೆಲವೇ ಎಲೆಕ್ಟ್ರಾನ್ ಹಿಡಿದಿಡುವ ಅತಿ ಸಣ್ಣ ಕಣ, ಅಂದರೆ ಕ್ವಾಂಟಮ್ ಡಾಟ್‌ನವರು. ಒಂದೊಂದೇ ಎಲೆಕ್ಟ್ರಾನ್ ಒಳಗೆ ಹೊರಗೆ ಹೋಗುವುದಕ್ಕೆ ಬರೆಯುವ ಮಾಸ್ಟರ್ ಸಮೀಕರಣವನ್ನೇ (ಪ್ರತಿ ಸ್ಥಿತಿಯ ಸಂಭವನೀಯತೆ ಕಾಲದೊಂದಿಗೆ ಹೇಗೆ ಬದಲಾಗುತ್ತದೆ ಅನ್ನುವ ಸಮೀಕರಣ) ಇಲ್ಲೂ ಬರಿ ಅಂತಾರೆ. ಸರಿಯೇ, ಆದರೆ ಅಲ್ಲಿ ಎಲೆಕ್ಟ್ರಾನ್ ಒಳಹೊರಗೆ ಹೋಗುವುದನ್ನು ನಿಯಂತ್ರಿಸುವ ಗೇಟ್ ವೋಲ್ಟೇಜ್ ನಾವು ಕೊಡುವುದು, ಇಲ್ಲಿ ಗುಚ್ಛ ಅಲುಗಿದರೆ ಚಾನೆಲ್ ತೆರೆಯುತ್ತದೆ, ಚಾನೆಲ್ ತೆರೆದರೆ ಮತ್ತೆ ಗುಚ್ಛದ ಮೇಲಿನ ಬಲವೇ ಬದಲಾಗುತ್ತದೆ, ಎರಡನ್ನೂ ಒಟ್ಟಿಗೆ ಓಡಿಸುವುದು ಹೇಗೆ ಅಂತ ಗೊತ್ತಾಗುತ್ತಿಲ್ಲ.

ಕೊಣಾಜೆ, ಸುರತ್ಕಲ್, ಮಣಿಪಾಲ ಕಡೆ ಇಂಥದ್ದು ಮಾಡಿದವರಿದ್ದರೆ ದಯವಿಟ್ಟು ಮೆಸೇಜ್ ಮಾಡಿ, ಬಸ್ ಹತ್ತಿ ನಾನೇ ಬರುತ್ತೇನೆ. ಆಡಿಯಾಲಜಿಯವರು ಯಾರಾದರೂ ಇದ್ದರೆ ಓಎಇ ಟೆಸ್ಟ್ (ಕೆಂಪ್ ಹಿಡಿದ ಆ ಸದ್ದನ್ನೇ ಅಳೆಯುವ ಪರೀಕ್ಷೆ) ನನ್ನ ಕಿವಿಗೇ ಒಮ್ಮೆ ಮಾಡಿ ತೋರಿಸಬಹುದಾ?