ಸಂಕೀರ್ಣತೆಯ ರೇಖೆಯನ್ನು ಹಿಂದಕ್ಕೆಳೆದು ಜೀವದ ಹುಟ್ಟಿನ ಕಾಲವನ್ನು ಹೇಳಬಹುದೇ?

ಪ್ರಶ್ನೆ:
2013ರಲ್ಲಿ ವಿಜ್ಞಾನಿಗಳಾದ ಅಲೆಕ್ಸಿ ಶಾರೊವ್ ಮತ್ತು ರಿಚರ್ಡ್ ಗಾರ್ಡನ್ ಮಂಡಿಸಿದ ವಾದವೊಂದರ ಬಗ್ಗೆ ತಿಳಿದವರ ಅಭಿಪ್ರಾಯ ಬೇಕಾಗಿದೆ. ಬ್ಯಾಕ್ಟೀರಿಯಾದಂತಹ ಸರಳ ಕೋಶಗಳು, ಕೋಶಕೇಂದ್ರವುಳ್ಳ ಜೀವಿಗಳು, ಹುಳುಗಳು, ಮೀನುಗಳು, ಸಸ್ತನಿಗಳು ಕಾಣಿಸಿಕೊಂಡ ಕಾಲವನ್ನೂ, ಅವುಗಳ ಜೀನೋಮಿನಲ್ಲಿ, ಅಂದರೆ ಒಟ್ಟು ಆನುವಂಶಿಕ ಮಾಹಿತಿಯಲ್ಲಿ, ನಿಜವಾಗಿ ಕೆಲಸ ಮಾಡುವ, ಪುನರಾವರ್ತನೆಯಿಲ್ಲದ ಭಾಗದ ಗಾತ್ರವನ್ನೂ (ಗಾತ್ರಕ್ಕೆ ಪ್ರತಿ ಸಮಾನ ಹೆಜ್ಜೆಯೂ ಅಷ್ಟೇ ಪಟ್ಟು ಏರಿಕೆಯನ್ನು ತೋರುವ ಲಘುಗಣಕ ಮಾಪನ ಬಳಸಿ) ನಕ್ಷೆಯಲ್ಲಿ ಗುರುತಿಸಿದರೆ, ಬಿಂದುಗಳು ಹೆಚ್ಚುಕಡಿಮೆ ಒಂದು ಸರಳರೇಖೆಯ ಮೇಲೆ ಬರುತ್ತವೆ. ಅಂದರೆ ಸಂಕೀರ್ಣತೆ ಸುಮಾರು 37.6 ಕೋಟಿ ವರ್ಷಗಳಿಗೊಮ್ಮೆ ಇಮ್ಮಡಿಯಾಗುತ್ತದೆ ಎಂದು ಅವರ ಎಣಿಕೆ. ಆ ರೇಖೆಯನ್ನು ಹಿಂದಕ್ಕೆ ಎಳೆದರೆ ಜೀವದ ಆರಂಭ 970 ಕೋಟಿ ವರ್ಷಗಳ ಹಿಂದಕ್ಕೆ ಹೋಗುತ್ತದೆ. ಭೂಮಿಯ ವಯಸ್ಸೇ 454 ಕೋಟಿ ವರ್ಷ. ಅವರು ಹೇಳುವ 250 ಕೋಟಿ ವರ್ಷಗಳ ದೋಷಮಿತಿಯನ್ನು ಕಳೆದರೂ ಲೆಕ್ಕ ಭೂಮಿಯ ಹುಟ್ಟಿಗಿಂತ ಹಿಂದೆಯೇ ನಿಲ್ಲುತ್ತದೆ. ಹಾಗಾದರೆ ಜೀವ ಬೇರೆಲ್ಲೋ ಹುಟ್ಟಿ ಇಲ್ಲಿಗೆ ಬಂದಿತೆಂದು ಒಪ್ಪಬೇಕೇ?

ಉತ್ತರ 1:
ಒಪ್ಪಬೇಕಾಗಿಲ್ಲ. ಆ ದೋಷಮಿತಿ ತಿಳಿಸುವುದು, ಬೆಳವಣಿಗೆಯ ದರ ಮೊದಲಿನಿಂದಲೂ ಒಂದೇ ಆಗಿತ್ತೆಂದು ಒಪ್ಪಿಕೊಂಡ ಮೇಲೆ ಉಳಿಯುವ ಅನಿಶ್ಚಿತತೆಯನ್ನು ಮಾತ್ರ. ಆ ಒಪ್ಪಿಗೆಯೇ ಸರಿಯೇ ಎಂಬುದನ್ನು ಅದು ಅಳೆಯುವುದಿಲ್ಲ. ಬಿಂದುಗಳೆಲ್ಲ ಈಚಿನ 350 ಕೋಟಿ ವರ್ಷಗಳಿಗೆ ಸೇರಿದವು, ಅಂದರೆ ನಿಖರವಾಗಿ ನಕಲಾಗುವ ಡಿಎನ್ಎ, ದೋಷ ತಿದ್ದುವ ಕಿಣ್ವಗಳು ಮತ್ತು ಪೂರ್ಣ ಪ್ರಮಾಣದ ಕೋಶ ಸಿದ್ಧವಾಗಿದ್ದ ಕಾಲಕ್ಕೆ. ಅದಕ್ಕೂ ಹಿಂದೆ, ನಕಲು ಮಾಡುವ ವ್ಯವಸ್ಥೆಯೇ ಒರಟಾಗಿದ್ದು ಮಾರ್ಪಾಡುಗಳು ಹೇರಳವಾಗಿದ್ದಾಗ, ಪ್ರತಿ ಹೊಸ ಉಪಯುಕ್ತ ತುಣುಕೂ ಭಾರಿ ಅನುಕೂಲ ತರುತ್ತಿದ್ದಾಗ, ಬೆಳವಣಿಗೆ ಇದೇ ನಿಧಾನಗತಿಯಲ್ಲಿ ಸಾಗಿತ್ತೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಆಮೇಲೂ ದರ ಏಕರೂಪವಾಗಿರಲಿಲ್ಲ: ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಬಂದದ್ದು ಒಂದು ಕೋಶ ಇನ್ನೊಂದನ್ನು ಒಳಗೆ ಸೇರಿಸಿಕೊಂಡದ್ದರಿಂದ, ಕಶೇರುಕಗಳ (ಬೆನ್ನೆಲುಬುಳ್ಳ ಪ್ರಾಣಿಗಳ) ಪೂರ್ವಜರಲ್ಲಿ ಇಡೀ ಜೀನೋಮೇ ಇಮ್ಮಡಿಯಾಯಿತು.

ಉತ್ತರ 2:
ಬಿಂದುಗಳ ಆಯ್ಕೆಯನ್ನೂ ಗಮನಿಸಬೇಕು. ಪ್ರತಿ ಕಾಲಘಟ್ಟದಲ್ಲಿಯೂ ಅತಿ ಸಂಕೀರ್ಣವಾದ ಗುಂಪನ್ನೇ ಆರಿಸಿದರೆ ಏರುರೇಖೆ ಬಾರದೆ ಇರದು. ಬ್ಯಾಕ್ಟೀರಿಯಾಗಳು ಮಾತ್ರ ಇಂದಿಗೂ ಸಣ್ಣ ಜೀನೋಮಿನಲ್ಲೇ ಸೊಗಸಾಗಿ ಬದುಕುತ್ತಿವೆ. ಈರುಳ್ಳಿಯ ಜೀನೋಮ್ ಮನುಷ್ಯನದಕ್ಕಿಂತ ಸುಮಾರು ಐದು ಪಟ್ಟು ದೊಡ್ಡದಾದ್ದರಿಂದ ಬರಿಯ ಗಾತ್ರವನ್ನು ಬಿಟ್ಟು ಕೆಲಸ ಮಾಡುವ ಭಾಗವನ್ನು ಅಳೆಯಹೊರಟದ್ದು ಸರಿಯೇ, ಆದರೆ ಸಸ್ತನಿಗಳಲ್ಲಿ ಆ ಭಾಗ ಎಷ್ಟೆಂಬುದೇ ಇನ್ನೂ ವಿವಾದದಲ್ಲಿದೆ.

ಉತ್ತರ 3:
2024ರ ಅಧ್ಯಯನವೊಂದು, ಇಂದಿನ ಎಲ್ಲ ಜೀವಿಗಳ ಕೊನೆಯ ಸಾಮಾನ್ಯ ಪೂರ್ವಜ ಸುಮಾರು 420 ಕೋಟಿ ವರ್ಷಗಳ ಹಿಂದೆ ಇದ್ದಿತೆಂದೂ ಅದರ ಜೀನೋಮ್ ಕನಿಷ್ಠ 25 ಲಕ್ಷ ಡಿಎನ್ಎ ಅಕ್ಷರಗಳಷ್ಟಿತ್ತೆಂದೂ ಅಂದಾಜಿಸಿದೆ. ಶಾರೊವ್ ಅವರ ರೇಖೆ ಆ ಕಾಲಕ್ಕೆ ಸೂಚಿಸುವ ಗಾತ್ರಕ್ಕಿಂತ ಇದು ಎಷ್ಟೋ ಪಟ್ಟು ಹೆಚ್ಚು. ಇದು ಸರಿಯಾಗಿದ್ದರೆ ರೇಖೆ ಅಲ್ಲಿಯೇ ಮುರಿಯುತ್ತದೆ. ಆದರೂ ಶಾರೊವ್ ಎತ್ತಿದ ಪ್ರಶ್ನೆಯನ್ನು ಬದಿಗಿಡಲಾಗದು, ಏಕೆಂದರೆ ಈ ಲೆಕ್ಕದಲ್ಲಿ ಭೂಮಿ ರೂಪುಗೊಂಡ ಮೇಲೆ ಅಂತಹ ಪೂರ್ವಜ ಸಿದ್ಧವಾಗಲು ಉಳಿಯುವುದು 30 ಕೋಟಿ ವರ್ಷಗಳಿಗಿಂತ ತುಸು ಹೆಚ್ಚು ಕಾಲವಷ್ಟೆ. ಅಷ್ಟು ವೇಗ ಸಾಧ್ಯವೇ ಎಂಬುದನ್ನು, ತನ್ನನ್ನು ತಾನೇ ನಕಲಿಸಿಕೊಳ್ಳಬಲ್ಲ ಆರ್‌ಎನ್‌ಎಯನ್ನು ರೂಪಿಸಲು ನಡೆದಿರುವಂತಹ ಪ್ರಯೋಗಗಳಲ್ಲಿ ಹುಡುಕಬೇಕೇ ಹೊರತು ಹಿಂದಕ್ಕೆಳೆದ ರೇಖೆಯಲ್ಲಿ ಅಲ್ಲ.