ಸಾಂಡ್ರೊ ಸುಕ್ನೊ ಬೇಗ ಆಟ ಬಿಟ್ಟರೂ ಇಷ್ಟು ದೊಡ್ಡ ಹೆಸರು ಹೇಗೆ?

ಪ್ರಶ್ನೆ:
ಕ್ರೊಯೇಷಿಯಾದ ವಾಟರ್ ಪೋಲೊ (ಕೊಳದಲ್ಲಿ ಈಜುತ್ತಾ ಗೋಲಿಗೆ ಚೆಂಡೆಸೆಯುವ ಆಟ) ಮಾತು ಬಂದರೆ ಸುಕ್ನೊ ಹೆಸರು ಬಂದೇ ಬರುತ್ತದೆ. 2018ರಲ್ಲೇ ಆಟ ನಿಲ್ಲಿಸಿದವರು. ಆ ಹೊತ್ತಿಗೆ ಅವರು ಗೆದ್ದದ್ದೇನು? ಹಳೆಯ ಪಂದ್ಯಗಳ ವಿಡಿಯೊ ಹಾಕಿದರೆ ನನಗೆ ನೀರು ಚಿಮ್ಮುವುದಷ್ಟೇ ಕಾಣುತ್ತದೆ. ಯಾವುದನ್ನು ಗಮನಿಸಬೇಕು?

ಉತ್ತರ 1:
ಹುಟ್ಟಿದ್ದು 1990ರಲ್ಲಿ, ಕ್ರೊಯೇಷಿಯಾದ ಕಡಲೂರು ಡುಬ್ರೊವ್ನಿಕ್‌ನಲ್ಲಿ. ಅಲ್ಲಿನ ಯುಗ್ ಕ್ಲಬ್, ನಂತರ ರಿಯೆಕಾದ ಪ್ರಿಮೊರ್ಯೆ, ಆಮೇಲೆ ಇಟಲಿಯ ಪ್ರೊ ರೆಕ್ಕೊ. 2012ರ ಲಂಡನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಇಟಲಿಯನ್ನು 8-6ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿದ್ದರು. 2016ರ ರಿಯೊದಲ್ಲಿ ಬೆಳ್ಳಿ. 2017ರಲ್ಲಿ ಬುಡಾಪೆಸ್ಟ್‌ನಲ್ಲಿ, ಹಂಗೇರಿಯನ್ನು ಅದರ ತವರು ಜನರೆದುರೇ ಮತ್ತೆ 8-6ರಿಂದ ಸೋಲಿಸಿ, ವಿಶ್ವ ಚಾಂಪಿಯನ್. ಆ ವರ್ಷ ಫಿನಾದ (ಜಲಕ್ರೀಡೆಗಳ ವಿಶ್ವ ಸಂಸ್ಥೆ) ಶ್ರೇಷ್ಠ ಆಟಗಾರನೂ ಅವರೇ. ಮರುವರ್ಷ ಹೃದಯದ ತೊಂದರೆ ಕಾಣಿಸಿಕೊಂಡು ಆಟವೇ ನಿಂತಿತು. ಉತ್ತುಂಗದಲ್ಲಿದ್ದಾಗಲೇ ಹೀಗಾಯಿತಲ್ಲ, ಅಭಿಮಾನಿಗಳಿಗೆ ಇಂದಿಗೂ ಅದೇ ಕೊರಗು.

ತಂದೆ ಗೊರಾನ್ ಸುಕ್ನೊ 1984ರಲ್ಲಿ, ಕ್ರೊಯೇಷಿಯಾ ಇನ್ನೂ ಯುಗೊಸ್ಲಾವಿಯಾದ ಭಾಗವಾಗಿದ್ದಾಗ, ಯುಗೊಸ್ಲಾವಿಯಾ ಪರ ಒಲಿಂಪಿಕ್ ಚಿನ್ನ ಗೆದ್ದವರು. ಆಗಿನ ಕೋಚ್ ರಾಟ್ಕೊ ರುಡಿಚ್. 2012ರಲ್ಲಿ ಮಗನ ತಂಡಕ್ಕೂ ಅವರೇ ಕೋಚ್!

ಉತ್ತರ 2:
ವಿಡಿಯೊ ನೋಡುವಾಗ ಚೆಂಡನ್ನು ಬಿಟ್ಟು ಕಾಲಿನ ಕೆಲಸ ಹುಡುಕಿ. ತಳಕ್ಕೆ ಕಾಲೂರುವಂತಿಲ್ಲ, ಎರಡೂ ಕಾಲುಗಳನ್ನು ಸರದಿಯಂತೆ ಒಳಗೆ ಸುತ್ತುತ್ತಲೇ ಮೇಲೇಳಬೇಕು. ಇದಕ್ಕೆ ಎಗ್‌ಬೀಟರ್ ಎನ್ನುತ್ತಾರೆ. ಎದೆ ನೀರಿನಿಂದ ಹೊರಬಂದಷ್ಟೂ ಎಸೆತಕ್ಕೆ ಬಲ.

ಎದುರಾಳಿಯೊಬ್ಬ ಫೌಲ್ ಮಾಡಿ, ಆಗಿನ ನಿಯಮದಂತೆ 20 ಸೆಕೆಂಡ್ ಹೊರಗೆ ಹೋದಾಗಿನ ಆರಕ್ಕೆ ಐದರ ಆಟವನ್ನಂತೂ ಎರಡೆರಡು ಸಲ ನೋಡಿ. ಸಾಮಾನ್ಯವಾಗಿ ದಾಳಿ ಮಾಡುವ ತಂಡದ ನಾಲ್ವರು ಗೋಲಿನ ಹತ್ತಿರ, ಇಬ್ಬರು ದೂರದಲ್ಲಿ. ಗೋಲು 3 ಮೀಟರ್ ಅಗಲ, ನೀರಿನಿಂದ 90 ಸೆಂ.ಮೀ. ಎತ್ತರ. ಕೀಪರ್ ಒಂದು ಬದಿಗೆ ಸರಿದು ನೆಲೆಯಾಗುವ ಮೊದಲೇ ಚೆಂಡು ಇನ್ನೊಂದು ಬದಿಗೆ ಹೋಗಬೇಕು. ಎಸೆಯುವಂತೆ ನಟಿಸುತ್ತಾ ಚೆಂಡನ್ನು ಬಹಳ ಹೊತ್ತು ಹಿಡಿದರೆ ಕಾಲು ಸೋತು ದೇಹ ಕುಸಿಯುತ್ತದೆ, ಅಷ್ಟರಲ್ಲಿ ತಡೆಯುವ ಕೈ ಬಂದುಬಿಡುತ್ತದೆ. ಬರೀ ಗೋಲು ಎಣಿಸಿದರೆ ಸುಕ್ನೊ ಅರ್ಧವೇ ಸಿಗುತ್ತಾರೆ. ಗೋಲಿಗೆ ಮುಂಚಿನ ಪಾಸ್ ನೋಡಿ.

ಇನ್ನೊಂದು: ಅವರ ಕಾಲದಲ್ಲಿ ಫೌಲ್ ಆದ ಕೂಡಲೇ ನೇರವಾಗಿ ಗೋಲಿಗೆ ಎಸೆಯಲು 5 ಮೀಟರ್ ಆಚೆಗಿದ್ದರೆ ಸಾಕಿತ್ತು. ನಂತರ ಅದು 6 ಮೀಟರ್ ಆಯಿತು. ಇದು ಗೊತ್ತಿಲ್ಲದಿದ್ದರೆ ಹಳೆಯ ಪಂದ್ಯದಲ್ಲಿ ರೆಫರಿ ತಪ್ಪು ಮಾಡಿದರು ಅನಿಸಬಹುದು.

ಉತ್ತರ 3:
ಜನಪ್ರಿಯತೆಗೆ ಊರೂ ಕಾರಣ. ಯುಗ್ 1923ರಲ್ಲಿ ಶುರುವಾದ ಕ್ಲಬ್. ಬೇಸಿಗೆ ಬಂತೆಂದರೆ ಡುಬ್ರೊವ್ನಿಕ್‌ನ ಕಡಲತೀರಗಳ ತಂಡಗಳು 'ದಿವ್ಲ್ಯಾ ಲಿಗಾ', ಅಂದರೆ ಕಾಡು ಲೀಗ್, ಆಡುತ್ತವೆ. ಕೊಳವಿಲ್ಲ, ಸಮುದ್ರದಲ್ಲೇ ಗೋಲುಗಳು. ಇಂಥ ಊರಿನವರು ಆಟಗಾರನ ಒಂದು ಪಾಸ್ ನೋಡಿಯೇ ಅವನನ್ನು ಅಳೆಯುತ್ತಾರೆ.

ಸುಕ್ನೊ ಕೊಳದ ಅಂಚು ಬಿಟ್ಟಿಲ್ಲ ಅನ್ನುವುದನ್ನೂ ಸೇರಿಸಿ. ಪ್ರೊ ರೆಕ್ಕೊ ಕೋಚ್ ಆಗಿ 2022 ಮತ್ತು 2023ರಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಗೆಲ್ಲಿಸಿದ್ದಾರೆ.