ಮೂತ್ರಪಿಂಡ ಸಂಶೋಧನಾ ತಂಡದ ಹೊಣೆ ಹೊತ್ತವರು ಮೊದಲು ಗಮನಿಸಬೇಕಾದದ್ದು

ಪ್ರಶ್ನೆ: ನಮಸ್ಕಾರ ಮೇಡಂ. ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಇರುವವರನ್ನು ವರ್ಷಗಟ್ಟಲೆ ಗಮನಿಸುತ್ತಾ ಬಂದಿರುವ ಎಂಟು ಜನರ ಸಂಶೋಧನಾ ತಂಡದ ಹೊಣೆ ಈಗ ನನ್ನದಾಗಿದೆ. ಚಿಕಿತ್ಸೆಯ ಅನುಭವವಿದೆ, ತಂಡ ನಡೆಸಿದ ಅನುಭವವಿಲ್ಲ. ನಾನು ಮೊದಲು ಯಾವುದಕ್ಕೆ ಗಮನ ಕೊಡಬೇಕು?

ಉತ್ತರ: ಅಳತೆಗೆ. ಅನುದಾನ, ಪ್ರಬಂಧ ಎಲ್ಲವೂ ಬೇಕು, ನಿಜ. ಆದರೆ ಈ ಕಾಯಿಲೆ ಬಹುಕಾಲ ಯಾವ ಲಕ್ಷಣವನ್ನೂ ತೋರದೆ ಬೆಳೆಯುವುದರಿಂದ, ನಮ್ಮ ತೀರ್ಮಾನಗಳೆಲ್ಲ ಹೆಚ್ಚುಕಡಿಮೆ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡಗಳು ಹೊರಹಾಕಬೇಕಾದ ತ್ಯಾಜ್ಯ) ಮತ್ತು ಮೂತ್ರದ ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ಅಂಕಿಗಳ ಮೇಲೆಯೇ ನಿಂತಿರುತ್ತವೆ. ಅಧ್ಯಯನಕ್ಕೆ ಸೇರಿಸಿಕೊಳ್ಳುವಾಗ ಒಂದೇ ಪರೀಕ್ಷೆಯನ್ನು ನೆಚ್ಚಬೇಡಿ. ವಾಂತಿಭೇದಿಯಿಂದ ಬಳಲಿದವರಲ್ಲೂ ಕ್ರಿಯಾಟಿನಿನ್ ಏರಿ ಕೆಲವು ದಿನಗಳಲ್ಲಿ ಇಳಿಯಬಹುದು. ಅಂದಾಜು ಜಿಎಫ್‌ಆರ್ (ಮೂತ್ರಪಿಂಡಗಳು ರಕ್ತವನ್ನು ಸೋಸುವ ವೇಗ; ಇದನ್ನು ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುತ್ತೇವೆ, ಅದು ಏರಿದರೆ ಇದು ಇಳಿಯುತ್ತದೆ) ನಿಮಿಷಕ್ಕೆ 60 ಮಿಲಿಲೀಟರ್‌ಗಿಂತ ಕಡಿಮೆ ಇರುವುದು ಅಥವಾ ಮೂತ್ರದಲ್ಲಿ ಆಲ್ಬುಮಿನ್ ಸೋರಿಕೆಯಂತಹ ಹಾನಿಯ ಗುರುತು 3 ತಿಂಗಳಿಗೂ ಮೀರಿ ಉಳಿದಿರಬೇಕು.

ನಮ್ಮಲ್ಲೇ ನಡೆದದ್ದನ್ನು ಹೇಳುತ್ತೇನೆ. ಒಮ್ಮೆ ಒಂದೇ ತಿಂಗಳಲ್ಲಿ ಬಹುತೇಕ ಎಲ್ಲರ ಜಿಎಫ್‌ಆರ್ ಗೆರೆಯೂ ಒಟ್ಟಿಗೆ ಮೇಲೇರಿತು. ತಂಡದ ಕಿರಿಯ ಸಂಶೋಧಕಿಯೊಬ್ಬರು ಸಂತೋಷಪಡದೆ ನೇರವಾಗಿ ಪ್ರಯೋಗಾಲಯಕ್ಕೆ ಹೋಗಿ ವಿಚಾರಿಸಿದಾಗ, ಅಲ್ಲಿ ಕ್ರಿಯಾಟಿನಿನ್ ಅಳೆಯುವ ಹಳೆಯ ಜಾಫೆ ವಿಧಾನವನ್ನು ಬಿಟ್ಟು ಕಿಣ್ವ ಆಧಾರಿತ ವಿಧಾನಕ್ಕೆ ಬದಲಾಗಿದ್ದುದು ತಿಳಿಯಿತು. ಜಾಫೆ ವಿಧಾನವು ರಕ್ತದ ಬೇರೆ ಕೆಲವು ವಸ್ತುಗಳನ್ನೂ ಕ್ರಿಯಾಟಿನಿನ್ ಎಂದೇ ಎಣಿಸುವುದರಿಂದ ಅದರ ಅಂಕಿ ತುಸು ಹೆಚ್ಚು ಬರುತ್ತದೆ. ಹೊಸ ವಿಧಾನದಲ್ಲಿ ಅದು ಇಳಿದು, ಮೂತ್ರಪಿಂಡಗಳು ಚೇತರಿಸಿಕೊಂಡಂತೆ ಕಂಡಿತ್ತು. ಮೈನಸ್ 80 ಡಿಗ್ರಿಯಲ್ಲಿ ಕಾಪಿಟ್ಟಿದ್ದ ಹಳೆಯ ಮಾದರಿಗಳನ್ನು ಮತ್ತೆ ಪರೀಕ್ಷಿಸಿ ಎಲ್ಲವನ್ನೂ ಸರಿಪಡಿಸಿದೆವು. ಆದ್ದರಿಂದ ವಿಧಾನ ಬದಲಿಸುವ ಮುನ್ನ ತಂಡಕ್ಕೆ ತಿಳಿಸಬೇಕೆಂದು ಪ್ರಯೋಗಾಲಯದೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಿ. ಅಷ್ಟೇ ಮುಖ್ಯವಾಗಿ, ಸಿಹಿಸುದ್ದಿಯನ್ನು ಅನುಮಾನಿಸುವ ಕಿರಿಯರಿಗೆ ಸಭೆಯಲ್ಲಿ ಮೊದಲು ಮಾತನಾಡಲು ಬಿಡಿ.

ಮರುಪ್ರಶ್ನೆ: ಧನ್ಯವಾದಗಳು ಮೇಡಂ. ಎರಡನೇ ವರ್ಷದ ನಂತರ ಹಲವರು ತಪಾಸಣೆಗೆ ಬರುವುದನ್ನೇ ನಿಲ್ಲಿಸಿದ್ದಾರೆ. ಅವರನ್ನು ಬಿಟ್ಟು ಲೆಕ್ಕ ಹಾಕಬಹುದೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಬಾರದೆ ಉಳಿದವರಲ್ಲಿ ಕಾಯಿಲೆ ಉಲ್ಬಣಿಸಿದವರು, ಡಯಾಲಿಸಿಸ್ ಆರಂಭಿಸಿದವರು, ತೀರಿಕೊಂಡವರು ಇರಬಹುದು. ಅವರನ್ನು ಕೈಬಿಟ್ಟರೆ ಕಾಯಿಲೆ ನಿಜಕ್ಕಿಂತ ಸೌಮ್ಯವಾಗಿ ಕಾಣುತ್ತದೆ. ಅವರು ಮೊದಲೇ ಒಪ್ಪಿಗೆ ಕೊಟ್ಟಿದ್ದರೆ, ಅವರಿಗೆ ಪರಿಚಿತರಾದ ಒಬ್ಬ ದಾದಿಯಿಂದಲೇ ಫೋನ್ ಮಾಡಿಸಿ, ಬರಲಾಗದವರ ಮನೆಗೇ ಹೋಗಿ ರಕ್ತದ ಮಾದರಿ ತರುವ ವ್ಯವಸ್ಥೆ ಮಾಡಿ. ಮುಂದಿನ ಅನುದಾನದ ಅರ್ಜಿಯಲ್ಲಿ ಆ ದಾದಿಯ ಸಂಬಳವನ್ನು ಮೊದಲ ಸಾಲಿನಲ್ಲೇ ಬರೆಯಿರಿ.